ಬೆಳಕು ಎರಡು ಪಾಲು ಓಡಿದ ಬೆಳಗು

ತಲೆಯ ಹಿಂದೆ ಕತ್ತಿ ಹಿರಿದವನು ನಿಂತಿದ್ದಾನೆ, ಎದುರಿಗೆ ಅರಸ ಕೂತಿದ್ದಾನೆ, ಅಂಥ ಹೊತ್ತಿನಲ್ಲಿ ಹುಡುಗ ಕಿಸಕ್ಕನೆ ನಕ್ಕುಬಿಟ್ಟ. ಯಾಕೆ ನಕ್ಕಿರಬಹುದು, ಊಹಿಸಿ ನೋಡೋಣ! ಹುಚ್ಚು ಹಿಡಿದಿತ್ತೆ? ಇಲ್ಲ. ಹೆದರಿಕೆಗೆ ನಗು ಬಂತೆ? ಅದೂ ಅಲ್ಲ. ತಡೆಯಿರಿ, ಡಂಗುರದಿಂದಲೇ ಶುರುಮಾಡುತ್ತೇನೆ.

"ಕೇಳಿರಪ್ಪೋ ಕೇಳಿ! ನಮ್ಮ ಅಮ್ಮಣ್ಣಿ ಮಾಳಲದೇವಿಯವರ ಮೂರು ಒಗಟು ಬಿಡಿಸಿದವನಿಗೆ ಅವರ ಕೈ, ಜೊತೆಗೆ ಅವನು ಕೇಳಿದ್ದೊಂದು ವರ. ತಪ್ಪಿದವನಿಗೆ ಸೆರೆ, ಬಣ್ಣದಮ್ಮನ ಹಬ್ಬ ಮುಗಿದ ಮಾರನೆಯ ದಿನ ತಲೆದಂಡ!"

ತಲೆದಂಡದ ಮಾತು ಸೇರಿಸಿದವನು ಗೋವರಸ. ಮಗಳು ಬೇಡವೆಂದರೂ ಅಪ್ಪ ಕೇಳಲಿಲ್ಲ. "ಬರುವವರು ಯೋಚಿಸಿ ಬರಲಿ" ಎಂದ. ಯಾರು ಯೋಚಿಸಿದರು? ಹಿಂಡು ಹಿಂಡಾಗಿ ಬಂದು ಸೆರೆಮನೆ ತುಂಬಿಸಿದರು. ಅವರಲ್ಲಿ ನಮ್ಮ ನಕ್ಕ ಹುಡುಗ ಮಾಚನ ಅಣ್ಣ ಬೂತಯ್ಯನೂ ಒಬ್ಬ. ಹಬ್ಬದ ದಿನ ಬೆಳಗಾಗುತ್ತಲೇ ಮಾಚ ಅರಮನೆಗೆ ಬಂದದ್ದು ರಾಜಕುಮಾರಿಗಾಗಿ ಅಲ್ಲ, ಅಣ್ಣನಿಗಾಗಿ.

ಇವರ ಮನೆತನಕ್ಕೆ ಒಂದು ಊಳಿಗವಿತ್ತು. ಆ ಊರಿನ ಬಣ್ಣದಮ್ಮ ಮಣ್ಣಿನ ದೇವಿ. ಮೈಗೆ ನೀರು ಬಿದ್ದರೆ ಬಣ್ಣ ಕರಗುತ್ತದಲ್ಲ, ಅದಕ್ಕೇ ಎದುರಿಗೆ ಕಂಚಿನ ಕನ್ನಡಿ ಇಟ್ಟು, ಅದರಲ್ಲಿ ಕಾಣುವ ಬಿಂಬಕ್ಕೆ ಅಭಿಷೇಕ. ಕನ್ನಡಿಗೆ ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು ಬರಿಸುವುದು ಅಣ್ಣತಮ್ಮಂದಿರ ಕೆಲಸ.

ಮಾಚನ ಮುಂದೆ ಸಾಲಿನಲ್ಲಿ ಇಬ್ಬರಿದ್ದರು. ಮೊದಲನೆಯವನು ಮೆಣಸಿನ ವ್ಯಾಪಾರಿ. ಮಾಳಲದೇವಿ ಕೇಳಿದಳು: "ಕದ ತೆಗೆಯುವ ಮೊದಲೇ ಒಳಗೆ ಬಂದು ನೆಲದ ಮೇಲೆ ಬಿದ್ದಿರುತ್ತಾನೆ. ಎತ್ತಲು ಹೋದರೆ ಎತ್ತುವ ಕೈಯ ಮೇಲೇ ಕೂರುತ್ತಾನೆ. ಯಾರು?"

"ಧೂಳು ತಾಯಿ, ಧೂಳು!"

"ಧೂಳನ್ನು ಗುಡಿಸಬಹುದು ಸೆಟ್ಟರೆ, ಇವನನ್ನು ಗುಡಿಸಲಾಗದು." ಸೆಟ್ಟಿ ಸೆರೆಗೆ ಹೋದ.

ಎರಡನೆಯವನು ಪರನಾಡಿನ ರಾಜಕುಮಾರ. ಬಿಸಿಲೆಂದು ಸರಿಯಾಗಿಯೇ ಹೇಳಿದ. ಎರಡನೆಯ ಒಗಟು ಬಂತು: "ನೀರು ಹೊಯ್ಯುವುದು ಒಬ್ಬಳಿಗೆ, ಮೀಯುವವಳು ಇನ್ನೊಬ್ಬಳು. ಮಿಂದವಳ ಸೆರಗೂ ನೆನೆಯದು. ನೀರು ಹೊಯ್ಯಿಸಿಕೊಂಡವಳು ಯಾರು?" ಅವರ ನಾಡಿನಲ್ಲಿ ಎಲ್ಲ ಕಲ್ಲಿನ ದೇವರೇ. "ತಾವರೆ ಎಲೆ" ಎಂದ, ನಿಟ್ಟುಸಿರು ಬಿಟ್ಟು ತಾನೇ ಸೆರೆಯ ಕಡೆ ನಡೆದ.

ಮಾಚ ಎರಡಕ್ಕೂ ತಡವರಿಸಲಿಲ್ಲ. "ಒಂದು ಬಿಸಿಲು, ಅಮ್ಮಣ್ಣಿ. ಇನ್ನೊಂದು ನಮ್ಮನೆಯಲ್ಲಿ ತಿಕ್ಕುವ ಕನ್ನಡಿ."

"ಇಷ್ಟನ್ನು ನಿನ್ನಣ್ಣನೂ ಹೇಳಿದ್ದ," ಎಂದು ಅರಸ ಗೊಣಗಿದ.

ಮಾಳಲದೇವಿ ಎದ್ದು ನಿಂತಳು. "ಒಡತಿ ಒಂದು ಪಾಲು ತಿರುಗಿದರೆ ಆಳು ಎರಡು ಪಾಲು ತಿರುಗುತ್ತಾನೆ. ಇಬ್ಬರೂ ಈ ಸಭೆಯಲ್ಲೇ ಇದ್ದಾರೆ. ಆ ಆಳನ್ನು ಬಡಗಣ ಗೂಡಿನಲ್ಲಿರುವ ದೇವಿಯ ಪಟಕ್ಕೆ ಕಳಿಸು. ಒಂದೇ ಸಲ."

ಈ ಒಗಟಿಗೆ ಹಿಂದೊಬ್ಬ ಪಾಳೇಗಾರ ತನ್ನ ಆಳನ್ನೇ ಕರೆದು "ಹೋಗೋ, ಗೂಡಿನ ಮುಂದೆ ನಿಲ್ಲು" ಎಂದಿದ್ದನಂತೆ!

ಮಾಚ ಸುತ್ತ ನೋಡಿದ. ಮೂಡಣ ಕಿಂಡಿಯಿಂದ ಎಳೆಬಿಸಿಲು ನೆಟ್ಟಗೆ ಬಂದು, ನಡುವೆ ತಿರುಗುಣಿಯ ಮೇಲೆ ನಿಲ್ಲಿಸಿದ್ದ ಕನ್ನಡಿಗೆ ತಾಗಿ, ಬಂದ ದಾರಿಯಲ್ಲೇ ಕಿಂಡಿಗೆ ವಾಪಸಾಗುತ್ತಿತ್ತು. ಒಡತಿ ಕನ್ನಡಿ, ಆಳು ಬೆಳಕು! ಕೈ ಚಾಚಿ ಕನ್ನಡಿಯನ್ನು ಬಡಗಣಕ್ಕೆ ತಿರುಗಿಸಬೇಕು, ಅಷ್ಟರಲ್ಲಿ 'ಎರಡು ಪಾಲು' ಎಂದದ್ದು ನೆನಪಾಗಿ ಅವನ ಕೈ ನಿಂತಿತು.

"ನಿನ್ನಣ್ಣನೂ ಹಾಗೇ ಕೈ ಹಾಕಿದ," ಎಂದ ಕತ್ತಿಯವನು ಮೆಲ್ಲಗೆ. "ಬಡಗಣಕ್ಕೇ ಮುಖಮಾಡಿ ನಿಲ್ಲಿಸಿದ. ಬಿಸಿಲು ಕನ್ನಡಿಯ ಅಂಚು ಸವರಿ ಮುಂದಕ್ಕೆ ಹೋಯಿತು. ಗೂಡು ಕತ್ತಲಾಗೇ ಉಳಿಯಿತು."

ಆಗಲೇ ಮಾಚ ಕಿಸಕ್ಕನೆ ನಕ್ಕದ್ದು. ಚಿಕ್ಕಂದಿನಲ್ಲಿ ತಿಕ್ಕಿದ ಕನ್ನಡಿ ಹಿಡಿದು ಮಲಗಿದ್ದ ಅಣ್ಣನ ಮುಖಕ್ಕೆ ಬೆಳಕು ಬಿಡುತ್ತಿದ್ದವನು ಅವನೇ. ಪಾಪ, ಅಣ್ಣನಿಗೆ ಗೊತ್ತಿದ್ದದ್ದು ಕಣ್ಣು ಕುಕ್ಕಿಸಿಕೊಳ್ಳುವುದು, ತಿರುಗಿಸಿದವನು ತಮ್ಮ!

ಮೂಡಣಕ್ಕೂ ಬಡಗಣಕ್ಕೂ ಸರಿಯಾಗಿ ನಡುವೆ ಮುಖಮಾಡಿ ಕನ್ನಡಿ ನಿಲ್ಲಿಸಿದ. ಗೂಡಿನಲ್ಲಿ ಬಣ್ಣದಮ್ಮನ ಮುಖ ಝಗ್ಗನೆ ಬೆಳಗಿತು.

"ಅರ್ಧವೇ ತಿರುಗಿಸಿದೆಯಲ್ಲೋ!" ಅರಸ ಸಿಂಹಾಸನ ಬಿಟ್ಟು ಇಳಿದುಬಂದ.

"ಕನ್ನಡಿ ಎಷ್ಟು ಓರೆಯಾದರೆ ಬರುವ ಬಿಸಿಲು ಅದಕ್ಕೆ ಅಷ್ಟು ಓರೆಯಾಗಿ ತಾಗುತ್ತೆ ಮಹಾಸ್ವಾಮಿ. ಆಚೆ ಕಡೆಗೂ ಅಷ್ಟೇ ಓರೆಯಾಗಿ ಸಿಡಿಯುತ್ತೆ. ಬರುವಾಗ ಒಂದು ಪಾಲು, ಹೋಗುವಾಗ ಒಂದು ಪಾಲು. ಎರಡಾಯ್ತಲ್ಲ!"

ನಂಬಿಕೆ ಬಾರದಿದ್ದರೆ ನಾಳೆ ಬೆಳಿಗ್ಗೆ ನೀವೇ ಒಂದು ಕನ್ನಡಿ ಹಿಡಿದು ನೋಡಿ. ಅರಸ ಅಲ್ಲೇ ನೋಡಿದ, ಮಗುವಿನ ಹಾಗೆ ಮತ್ತೆ ಮತ್ತೆ ತಿರುಗಿಸಿ.

"ವರ ಕೇಳು," ಎಂದ ಕೊನೆಗೆ.

"ಒಳಗಿರುವವರೆಲ್ಲ ಹೊರಗೆ ಬರಲಿ."

ಸಭೆಯ ಪಕ್ಕದಲ್ಲೇ ಇದ್ದ ಸೆರೆಮನೆಯ ಬಾಗಿಲು ತೆರೆಯಿತು. ಸೆಟ್ಟಿ, ರಾಜಕುಮಾರ, ಪಾಳೇಗಾರ, ಎಲ್ಲರ ಹಿಂದೆ ಬೂತಯ್ಯ. ಹೊಸಿಲು ದಾಟುತ್ತಲೇ ಬೆಳಕೊಂದು ಹಾರಿಬಂದು ಅವನ ಮುಖಕ್ಕೆ ಬಡಿಯಿತು.

"ಲೇ ಮಾಚಾ, ಇವತ್ತಾದರೂ ಬಿಡೋ!" ಕಣ್ಣಿಗೆ ಕೈ ಅಡ್ಡ ಹಿಡಿದು ಅಣ್ಣ ಕೂಗಿದ.

ಮಾಚನ ಎರಡು ಕೈಯೂ ಖಾಲಿಯಿದ್ದವು. ತಿರುಗುಣಿಯ ಪಕ್ಕ ಮಾಳಲದೇವಿ ನಿಂತು, ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಈ ಹುಡುಗಿ ತನ್ನ ಜೊತೆಯವಳೇ ಎಂದು ಮಾಚನಿಗೆ ಅನ್ನಿಸಿದ್ದು ಆ ಗಳಿಗೆಯಲ್ಲಿ.

ಸೂರ್ಯ ನಟ್ಟನಡು ಮೂಡಣದಲ್ಲಿ ಹುಟ್ಟಿ, ಹಗಲೂ ಇರುಳೂ ಸರಿಸಮವಾದ ದಿನ ಅದು: ಚೈತ್ರ ಶುದ್ಧ ತದಿಗೆ, ಗುರುವಾರ.