ಸೋಡಾದವನು ಕೊಂಡೊಯ್ದ ಮಲ್ಲಿಗೆ

"ಮೇಷ್ಟ್ರೇ, ನೂರಕ್ಕೆ ತೊಂಬತ್ತಾರು ಪಾಲು ಇಳುವರಿ ಬಂದಿದೆ. ಆದರೂ ನೀವು ಒಪ್ಪಿಗೆ ಕೊಡುತ್ತಿಲ್ಲ. ಇದರಲ್ಲಿ ಏನು ಕೊರತೆ?" ಎಂದು ವಾಗ್ದೇವಿ ಕೇಳಿದಳು.

ಅವಳು ರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಒಂದು ಔಷಧಿಯನ್ನು ತಯಾರಿಸುವ ಹೊಸ ದಾರಿಯನ್ನು ವರ್ಷಗಟ್ಟಲೆ ಕೂತು ಕಂಡುಹಿಡಿದಿದ್ದಳು. ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡಲು ಒಂದು ಕಾರ್ಖಾನೆಯವರು ಮುಂದೆ ಬಂದಿದ್ದರು. ಅವಳ ಗುರು ಚನ್ನಮಲ್ಲಪ್ಪ ಮೇಷ್ಟ್ರು ಸೈ ಎಂದರೆ ನಾಳೆಯೇ ಕೆಲಸ ಶುರು. ಮೇಷ್ಟ್ರು ಸೈ ಎನ್ನದೆ ಕರಿಹಲಗೆಯನ್ನೇ ನೋಡುತ್ತ ಕೂತಿದ್ದರು.

ಹಲಗೆಯ ಮೇಲೆ ಅವಳ ಸಮೀಕರಣವಿತ್ತು. ಎಡಗಡೆ ಎರಡು ವಸ್ತುಗಳು, ಅದರಲ್ಲಿ ಒಂದರೊಳಗೆ ಬ್ರೋಮಿನ್. ಬಲಗಡೆ ಅವಳ ಔಷಧಿ. ಅದರ ಪಕ್ಕದಲ್ಲಿ ಹೈಡ್ರೋಜನ್ ಬ್ರೋಮೈಡ್, ಅದಕ್ಕೊಂದು ಮೇಲ್ಮುಖದ ಪುಟ್ಟ ಬಾಣ. ಅನಿಲವಾಗಿ ಹೊರಟುಹೋಗುವುದಕ್ಕೆ ಹಾಗೆ ಬಾಣ ಹಾಕುವುದು ರಸಾಯನಶಾಸ್ತ್ರದವರ ರೂಢಿ.

"ಕೂತುಕೋ. ಕೊರತೆ ಹೇಳಿದರೆ ನೀನು ವಾದಕ್ಕೆ ಇಳಿಯುತ್ತೀಯ. ಕತೆ ಹೇಳಿದರೆ ಸುಮ್ಮನೆ ಕೇಳುತ್ತೀಯ" ಎಂದು ಮೇಷ್ಟ್ರು ಹೇಳತೊಡಗಿದರು.

ಕಡಲ ದಂಡೆಯಲ್ಲಿ ಒಬ್ಬ ಸೋಡಾದವನಿದ್ದ. ಕುಡಿಯುವ ಸೋಡಾ ಅಲ್ಲ, ಗೋಲಿ ಹುಡುಕಬೇಡ. ಸಾಬೂನಿಗೂ ಗಾಜಿಗೂ ಬೇಕಾಗುವ ಬಿಳಿಯ ಪುಡಿ. ಅದನ್ನು ಅವನು ಉಪ್ಪಿನಿಂದ ತೆಗೆಯುತ್ತಿದ್ದ. ಉಪ್ಪಿಗೆ ಗಂಧಕಾಮ್ಲ ಸುರಿದು ದೊಡ್ಡ ಬಾಣಲೆಯಲ್ಲಿ ಕಾಯಿಸುವುದು ಮೊದಲ ಕೆಲಸ. ಅವನ ಕೈ ಬಹಳ ಚೊಕ್ಕ. ಒಂದು ಹರಳು ಉಪ್ಪೂ ಉಳಿಯದಂತೆ ಕಾಯಿಸುತ್ತಿದ್ದ. ಬಂದವರಿಗೆಲ್ಲ ಬಾಣಲೆ ತೋರಿಸಿ, ಇಲ್ಲಿ ಒಂದು ಚೂರೂ ಹಾಳಾಗುವುದಿಲ್ಲ ಎನ್ನುತ್ತಿದ್ದ.

ಸುಳ್ಳು ಹೇಳುವ ಮನುಷ್ಯನಲ್ಲ ಅವನು. ಬಾಣಲೆಯೊಳಗೆ ಇದ್ದದ್ದನ್ನು ಮಾತ್ರ ನೋಡುತ್ತಿದ್ದ, ಅಷ್ಟೇ. ಉಪ್ಪಿನಲ್ಲಿ ಸೋಡಿಯಂ ಇದೆ, ಕ್ಲೋರಿನ್ ಇದೆ. ಅವನಿಗೆ ಬೇಕಾದದ್ದು ಸೋಡಿಯಂ. ಉಳಿದ ಕ್ಲೋರಿನ್, ಗಂಧಕಾಮ್ಲದಲ್ಲಿರುವ ಹೈಡ್ರೋಜನ್ನನ್ನು ಕೂಡಿಕೊಂಡು, ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಚಿಮಣಿಯಿಂದ ಹೊರಬೀಳುತ್ತಿತ್ತು. ತೂಗಿ ನೋಡಿದರೆ ಉಪ್ಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಆ ಕ್ಲೋರಿನ್ನೇ. ಅಷ್ಟನ್ನು ಗಾಳಿಗೆ ಬಿಟ್ಟು ಚೂರೂ ಹಾಳಾಗಿಲ್ಲ ಎನ್ನುವವನನ್ನು ನೆನೆದರೆ ನನಗೆ ನಗು ಬರುತ್ತದೆ. ಆಮೇಲೆ ನಗು ನಿಲ್ಲುತ್ತದೆ.

ಪಕ್ಕದ ಹಿತ್ತಿಲಲ್ಲಿ ಒಬ್ಬ ಹೂವಿನವನಿದ್ದ. ಮಲ್ಲಿಗೆ ಗಿಡಗಳೇ ಅವನ ಜೀವನ. ಈ ಅನಿಲಕ್ಕೋ ನೀರೆಂದರೆ ಪ್ರಾಣ. ಎಲೆಯ ಮೇಲೆ ಒಂದಿಷ್ಟು ಇಬ್ಬನಿ ಸಿಕ್ಕಿದರೂ ಅದರಲ್ಲಿ ಕರಗಿ ಆಮ್ಲವಾಗಿ ಕೂರುತ್ತದೆ. ಮೊಗ್ಗುಗಳು ಬಿರಿಯುವ ಮುಂಚೆಯೇ ಕಂದಿ ಉದುರಿದವು. ಹೂವಿನವನು ಬಂದು ಸೋಡಾದವನ ಬಾಗಿಲಲ್ಲಿ ನಿಂತ.

"ನಿಮ್ಮ ಹೊಗೆ ನಮ್ಮ ಅನ್ನ ತಿಂತಾ ಉಂಟು" ಎಂದ.

"ಸ್ವಲ್ಪ ತಾಳಿ. ನಾನು ಸರಿ ಮಾಡ್ತೇನೆ" ಎಂದ ಸೋಡಾದವನು.

ಕೊಟ್ಟ ಮಾತಿಗೆ ತಪ್ಪಲಿಲ್ಲ. ಗಾರೆಯವರನ್ನು ಕರೆಸಿ ಚಿಮಣಿಯನ್ನು ತೆಂಗಿನ ಮರಗಳಿಗಿಂತ ಎತ್ತರಕ್ಕೆ ಏರಿಸಿದ. ಹೊಗೆ ಹಿತ್ತಿಲಿನ ಮೇಲೆ ಬೀಳುವುದು ನಿಂತಿತು. ಮುಂದಿನ ವರ್ಷ ಹೂವಿನವನ ಗಿಡಗಳು ಮೈತುಂಬ ಮೊಗ್ಗು ಬಿಟ್ಟವು. ಅವನು ಸಂತೋಷದಿಂದ ಒಂದು ಚೆಂಡು ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟಿ ತಂದುಕೊಟ್ಟ. ಸೋಡಾದವನಿಗೆ ತಾನೊಂದು ಒಳ್ಳೆಯ ಕೆಲಸ ಮಾಡಿದೆ ಎಂದು ಮನಸ್ಸು ಹಗುರಾಯಿತು.

ಅವನಿಗೆ ಒಬ್ಬಳೇ ಮಗಳು. ಅವಳನ್ನು ಹೊಳೆ ಕಡಲು ಸೇರುವ ಅಳಿವೆಯ ಆಚೆ ದಂಡೆಗೆ ಮದುವೆ ಮಾಡಿ ಕೊಟ್ಟಿದ್ದ. ಅಳಿಯನದೂ ಮಲ್ಲಿಗೆ ತೋಟವೇ. ಮೊದಲು ಕೊಯ್ದ ಹೂವನ್ನು ತವರಿನ ದೇವರಿಗೆಂದು ದೋಣಿಯವರ ಕೈಯಲ್ಲಿ ಕಳಿಸುವುದನ್ನು ಅವಳು ಯಾವ ವರ್ಷವೂ ತಪ್ಪಿಸಿರಲಿಲ್ಲ. ಆ ವರ್ಷ ಹೂವು ಬರಲಿಲ್ಲ. ಹುಡುಗಿ ಯಾವುದಕ್ಕೋ ಮುನಿಸಿಕೊಂಡಿದ್ದಾಳೆ ಎಂದುಕೊಂಡ ತಂದೆ. ಹೂವಿನವನು ಕೊಟ್ಟ ಮಲ್ಲಿಗೆಯನ್ನೇ ಬಾಳೆಲೆಯಲ್ಲಿ ಸುತ್ತಿಕೊಂಡು, ಅವಳನ್ನು ರಮಿಸಲು ದೋಣಿ ಹತ್ತಿದ.

ಮಗಳ ಮನೆಯ ಮುಂದೆ ಗಿಡಗಳಿರಲಿಲ್ಲ. ಗಿಡಗಳಿದ್ದ ಕಡೆ ಗುಂಡಿಗಳಿದ್ದವು. ಮಗಳು ಹೊರಗೆ ಬಂದು ಎಲೆ ಬಿಚ್ಚಿದಳು. ಹೂವನ್ನು ಮೂಗಿನ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ನಿಂತಳು.

"ಅಪ್ಪಯ್ಯ, ನಿಮ್ಮ ಕಡೆ ಹೂವು ಆಗ್ತದಾ?" ಎಂದು ಕೇಳಿದಳು. "ಇಲ್ಲಿ ಗಾಳಿ ತಿರುಗಿದಾಗ ಬಿಳಿ ಮಂಜಿನ ಹಾಗೆ ಏನೋ ಬರ್ತದೆ. ಗಿಡ ಎಲ್ಲ ಸುಟ್ಟುಹೋಯ್ತು. ಬುಡ ಸಮೇತ ಕಿತ್ತು ಹಾಕಿದ್ದು. ಇವರೀಗ ಬೇರೆಯವರ ಮೀನಿನ ದೋಣಿಗೆ ಹೋಗ್ತಿದ್ದಾರೆ."

ಅವನು ತಿರುಗಿ ನೋಡಿದ. ನೀರಿನಾಚೆ ಅವನ ಚಿಮಣಿ ಕಾಣುತ್ತಿತ್ತು. ಕಾಣಲೇಬೇಕು, ಅಷ್ಟು ಎತ್ತರ ಕಟ್ಟಿದ್ದ. ಮಂಜು ಎಲ್ಲಿಂದ ಬರುತ್ತದೆ ಎಂದು ಮಗಳು ಹೇಳಲಿಲ್ಲ. ಅವಳಿಗೆ ಗೊತ್ತಿತ್ತು ಎಂದೇ ನನ್ನ ನಂಬಿಕೆ. ತಂದೆ ತಂದ ಹೂವೆಂದು ಅದನ್ನು ಮುಡಿದುಕೊಂಡು, ಅವನಿಗೆ ಊಟಕ್ಕೆ ಎಲೆ ಹಾಕಿದಳು.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ?" ಎಂದಳು ವಾಗ್ದೇವಿ.

"ಆಮೇಲೆ ಬುದ್ಧಿ ಬಂತು. ಇಟ್ಟಿಗೆ ಚೂರು ತುಂಬಿದ ಒಂದು ಗೋಪುರ ಕಟ್ಟಿ, ಮೇಲಿನಿಂದ ನೀರು ಇಳಿಬಿಟ್ಟು, ಅನಿಲವನ್ನು ಅದರೊಳಗೆ ಹಾಯಿಸಿದ. ಎಲ್ಲ ಕರಗಿ ಆಮ್ಲವಾಗಿ ಕೆಳಗಿಳಿಯಿತು. ಆ ಆಮ್ಲದಿಂದ ಬಟ್ಟೆ ಬಿಳುಪು ಮಾಡುವ ಪುಡಿ ತಯಾರಿಸುವುದನ್ನೂ ಕಲಿತ. ಆದರೆ ಆಚೆ ದಂಡೆಯಲ್ಲಿ ಮತ್ತೆ ಹೂ ಕಾಣಲು ವರ್ಷಗಳೇ ಹಿಡಿದವು."

"ಹಾಗಾದರೆ ನಾವೂ ನೀರಿನಲ್ಲಿ ಹಿಡಿಯೋಣ ಮೇಷ್ಟ್ರೇ. ಅದೇನು ದೊಡ್ಡ ಕೆಲಸ?"

"ಹಿಡಿಯಬಹುದು. ಹಿಡಿದದ್ದನ್ನು ಯಾರು ತೆಗೆದುಕೊಳ್ಳುತ್ತಾರೆ ಎಂಬುದನ್ನೂ ಬರೆ. ಅದಕ್ಕೂ ಮುಂಚೆ, ಬ್ರೋಮಿನ್ ಇಲ್ಲದೆ ಆಗುತ್ತದೋ ನೋಡು. ಅದು ಹಗುರದ ಆಸಾಮಿಯಲ್ಲ. ನೀನು ಹಾಕಿದ ತೂಕದಲ್ಲಿ ಮೂರರಲ್ಲೊಂದು ಪಾಲು ಅದೇ. ನಿನ್ನ ಔಷಧಿಯಲ್ಲಿ ಅದರ ಒಂದು ಪರಮಾಣುವೂ ಇಲ್ಲ. ಹೈಡ್ರೋಜನ್ ಬ್ರೋಮೈಡಿನದು ಏನೂ ತಪ್ಪಿಲ್ಲ. ಜೋಡಿಬಂಧ ಇರುವ ವಸ್ತುವಿನ ಜೊತೆ ಸೇರಿಸು, ಏನನ್ನೂ ಹೊರಗೆ ಬಿಡದೆ ಪೂರ್ತಿ ಒಳಗೆ ಸೇರಿಕೊಳ್ಳುತ್ತದೆ. ಹೊರಗೆ ಅಟ್ಟಿದವರು ನಾವು. ಬಯಸಿದ್ದು ಎಷ್ಟು ಕೈಗೆ ಬಂತು ಎಂದು ಇಳುವರಿ ಹೇಳುತ್ತದೆ. ಹಾಕಿದ್ದೆಲ್ಲ ಎಲ್ಲಿಗೆ ಹೋಯಿತು ಎಂದು ಕೇಳುವುದು ಪರಮಾಣು ಮಿತವ್ಯಯ. ಪಾಠ ಮಾಡಿದ್ದೆನಲ್ಲ, ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದೆ ನೀನು."

ವಾಗ್ದೇವಿಯ ಮುಖ ಕೆಂಪಾಯಿತು. ಕಾರ್ಖಾನೆಯವರು ನಾಳೆ ಬೆಳಿಗ್ಗೆ ಬರುವವರಿದ್ದರು. ಇನ್ನೊಂದು ದಾರಿ ಹುಡುಕುವುದೆಂದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. "ಆದರೂ ಮೇಷ್ಟ್ರೇ, ತೊಂಬತ್ತಾರು..." ಎಂದು ಮೆಲ್ಲಗೆ ಅಂದಳು.

ಮೇಷ್ಟ್ರು ಎದ್ದು ಹಲಗೆಯ ಹತ್ತಿರ ಹೋದರು. ಮೇಲ್ಮುಖದ ಪುಟ್ಟ ಬಾಣದ ಮೇಲೆ ಬೆರಳಿಟ್ಟರು.

"ಈ ಬಾಣ ಇಳಿಯುವ ಊರಿನ ಹೆಸರು ಹೇಳು, ಸೈ ಎನ್ನುತ್ತೇನೆ."