ಯಾರ ಕೈಯ ಗೇಣು

ಶಿಷ್ಯ ಕೇಳಿದ: “ಗುರುಗಳೇ, ಎಲ್ಲರ ಪ್ರೋಗ್ರಾಂ ಕೋಡ್‌ಗೂ ಅಳತೆ ಹೇಳುವ ಹೆಡರ್ ಫೈಲ್ ಇರುವುದು ರೆಪೊಸಿಟರಿ ಎಂಬ ಒಂದು ಕೋಡ್ ಉಗ್ರಾಣದಲ್ಲಿ, ನಾನು ಕೆಲಸ ಮಾಡುವುದು ಇನ್ನೊಂದರಲ್ಲಿ. ಪ್ರೋಗ್ರಾಂ ಜೋಡಿಸುವ ಪ್ರತಿ ಬಿಲ್ಡಿಗೂ ಅಲ್ಲಿಂದ ತರುವುದು ತಡ. ಅದಕ್ಕೇ ಒಂದು ನಕಲು ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಬಿಲ್ಡ್ ಚೆನ್ನಾಗಿಯೇ ಆಗುತ್ತಿದೆ. ತಪ್ಪೇನು?”

ಗುರು ನಕ್ಕ. “ಆಗುತ್ತದಪ್ಪ, ಆಗದೆ ಏನು? ಕೂತುಕೋ, ಒಂದು ಕತೆ ಹೇಳುತ್ತೇನೆ.”

ಒಬ್ಬ ಬಡಗಿ ಇದ್ದ. ಅವನ ಇಬ್ಬರು ಗಂಡುಮಕ್ಕಳೂ ಬಡಗಿಗಳೇ, ಬೇರೆ ಬೇರೆ ಊರಿನಲ್ಲಿದ್ದರು. ದೊಡ್ಡವನು ಬಾಗಿಲಿನ ಚೌಕಟ್ಟು ಮಾಡುತ್ತಿದ್ದ, ಚಿಕ್ಕವನು ಕದ. ಅಳತೆಕೋಲು ಮಾತ್ರ ಅಪ್ಪನ ಮನೆಯಲ್ಲಿ. ಅಳತೆಗೆಂದು ಇಬ್ಬರೂ ಬರುತ್ತಿದ್ದರು, ಉಂಡು ಹೋಗುತ್ತಿದ್ದರು. ಬರಬರುತ್ತಾ ಚಿಕ್ಕವನಿಗೆ ನಡೆದು ಸಾಕಾಯಿತು. ಆ ಕೋಲಿನಂಥದೇ ಒಂದನ್ನು ಕೆತ್ತಿಕೊಂಡ. ದೊಡ್ಡವನು ತಮ್ಮನ ಕೋಲು ನೋಡಿ ತಾನೂ ಒಂದು ಮಾಡಿಕೊಂಡ. ಅಲ್ಲಿಗೆ ಇಬ್ಬರೂ ಬರುವುದು ನಿಂತಿತು.

ಬಡಗಿಗೆ ಒಬ್ಬಳೇ ಮಗಳು. ಅವಳು ಹೊಸ ಮನೆ ಕಟ್ಟಿಸಿದಾಗ, ಅವಳು ಹುಟ್ಟಿದ ವರ್ಷ ನೆಟ್ಟ ಹಲಸಿನ ಮರವನ್ನು ಅಪ್ಪ ಕಡಿಸಿದ. ಮುಂಬಾಗಿಲು ಅದರದ್ದೇ ಆಗಬೇಕೆಂದು ಹಲಗೆಗಳನ್ನು ಮಕ್ಕಳಿಬ್ಬರಿಗೂ ಹಂಚಿದ. ಅಳಿಯ ಬಹಳ ಉದ್ದ. ಮಾವನ ಮನೆಗೆ ಬಂದಾಗಲೆಲ್ಲ ಬಾಗಿಲಿಗೆ ಹಣೆ ಬಡಿಸಿಕೊಳ್ಳದೆ ಹೋದವನಲ್ಲ. ಅಪ್ಪನಿಗೆ ಅವನ ಮೇಲೆ ಬಲು ಪ್ರೀತಿ. ಕೋಲಿನ ಮೇಲೆ ಹೊಸ ಗೆರೆ ಕೊರೆದು, ಮಕ್ಕಳಿಗೆ ಹೇಳಿ ಕಳಿಸಿದ: “ಒಂದು ಗೇಣು ಏರಿಸಿದ್ದೇನೆ. ಬಂದು ನೋಡಿಕೊಂಡು ಹೋಗಿ.”

ಗೇಣು ಎಂದರೆ ನಮಗೆ ಗೊತ್ತಿಲ್ಲವೇ ಎಂದುಕೊಂಡರು. ಇಬ್ಬರೂ ಬರಲಿಲ್ಲ. ತಮ್ಮ ತಮ್ಮ ಕೋಲಿನ ಮೇಲೆ ಕೈ ಅಗಲಿಸಿ ಒಂದು ಗೇಣು ಕೂಡಿಸಿಕೊಂಡರು. ದೊಡ್ಡವನದು ಮೊರದಂಥ ಕೈ, ಚಿಕ್ಕವನದು ಪುಟ್ಟ ಕೈ. ಕೆಲಸ ಮಾತ್ರ ಇಬ್ಬರದೂ ಅಚ್ಚುಕಟ್ಟು. ಚೌಕಟ್ಟಿನಲ್ಲಿ ಕೂದಲೆಳೆಯ ಓರೆ ಇರಲಿಲ್ಲ, ಕದವಂತೂ ಕನ್ನಡಿ.

ಗೃಹಪ್ರವೇಶದ ಬೆಳಿಗ್ಗೆ ಕದವನ್ನು ಚೌಕಟ್ಟಿಗೆ ಕೂಡಿಸಿದರು. ಮೇಲೆ ಎರಡು ಬೆರಳು ಸಂದಿ. ಅಗುಳಿ ತೂತಿಗೆ ಎಟುಕಲೇ ಇಲ್ಲ. ಅಂಥ ಮರ ಇನ್ನೊಂದಿರಲಿಲ್ಲ. ಅಪ್ಪ ತನ್ನ ಕೋಲು ತಂದು ನಿಲ್ಲಿಸಿದ. ಚೌಕಟ್ಟು ಒಂದು ಬೆರಳು ಹೆಚ್ಚು, ಕದ ಒಂದು ಬೆರಳು ಕಡಿಮೆ. ಅವನು ಯಾರನ್ನೂ ಬೈಯಲಿಲ್ಲ. ಹಾಲಿನ ಪಾತ್ರೆ ಹಿಡಿದು ನಿಂತಿದ್ದ ಮಗಳೇ ಅತ್ತುಬಿಟ್ಟಳು:

“ಅಳತೆಯ ನೆಪಕ್ಕಾದರೂ ನೀವಿಬ್ಬರೂ ಒಂದು ಸಲ ಬರಬಾರದಿತ್ತೇ ಅಣ್ಣಾ? ಅಪ್ಪ ಕೋಲು ಹಿಡಿದುಕೊಂಡು ಜಗಲಿಯಲ್ಲೇ ಕಾಯುತ್ತಿದ್ದ.”

ಗುರು ಕತೆ ನಿಲ್ಲಿಸಿದ. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಇಬ್ಬರೂ ಅಪ್ಪ ಹೇಳಿದ ಒಂದು ಗೇಣನ್ನೇ ಏರಿಸಿದರಲ್ಲ, ಗುರುಗಳೇ?” ಎಂದ.

ಗುರು ಅವನ ಬೆನ್ನು ಸವರಿ ಕೇಳಿದ: “ನಿನ್ನ ರೆಪೊಸಿಟರಿಯಲ್ಲಿರುವ ನಕಲಿನ ಗೇಣು ಯಾರ ಕೈಯದು, ಮಗೂ?”

ಶಿಷ್ಯ ತನ್ನ ಅಂಗೈ ಅಗಲಿಸಿ ನೋಡಿಕೊಂಡ.