‘ಮು’ ನುಂಗಿದ ಫೋನು

ಗುಳೇದಗುಡ್ಡದ ಒಂದು ಓಣಿಯಲ್ಲಿ ಕಾಶವ್ವ ಎಂಬಾಕೆ ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದಳು. ಜೊತೆಗೆ ಗೆಳತಿ ಹುಸೇನಬಿ, ಇನ್ನಿಬ್ಬರು ಹೆಂಗಸರು. ನಾಲ್ಕು ಒಲೆ, ನಾಲ್ಕು ಹಂಚು, ಬೆಳಗಿನಿಂದ ಮಧ್ಯಾಹ್ನದವರೆಗೆ ಪಟಪಟ ರೊಟ್ಟಿ ಬಡಿಯುವ ಸದ್ದು. ಆರ್ಡರ್ ಎಲ್ಲ ಬರುವುದು ಫೋನಿನಲ್ಲಿ. ಕಾಶವ್ವ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಕೈ ನಿಲ್ಲಿಸದೆ, "ಹೂಂನ್ರಿ, ಆತ್ರಿ" ಅನ್ನುತ್ತಿದ್ದಳು. ಮಾತು ಮುಗಿದ ಮೇಲೆ ಅದನ್ನು ಹಿಟ್ಟಿನ ಡಬ್ಬಿಯ ಮೇಲೆ ಬೋರಲು ಹಾಕುತ್ತಿದ್ದಳು.

ಒಂದು ದಿನ ಬಾಗಲಕೋಟೆಯಿಂದ ಖಾನಾವಳಿ ಈರಪ್ಪ ಫೋನ್ ಮಾಡಿ ಮುನ್ನೂರು ರೊಟ್ಟಿ ಹೇಳಿದ. ಕಾಶವ್ವನಿಗೆ ಕೇಳಿಸಿದ್ದು ನೂರು. ನಡುವೆ ಆ ‘ಮು’ ಎಲ್ಲಿ ಹೋಯಿತೋ ದೇವರೇ ಬಲ್ಲ! ಆಕೆ ನೂರು ರೊಟ್ಟಿ ಕಟ್ಟಿ ಬಸ್ಸಿಗೆ ಹಾಕಿ ಕಳಿಸಿಬಿಟ್ಟಳು. ಅಲ್ಲಿ ಈರಪ್ಪನ ತಂಗಿಯ ಮಗಳ ಕುಬುಸದ, ಅಂದರೆ ಸೀಮಂತದ ಊಟ. ಎರಡನೇ ಪಂಕ್ತಿ ಕೂರುವಷ್ಟರಲ್ಲಿ ರೊಟ್ಟಿ ಖಾಲಿ. ಬೀಗರೆಲ್ಲ ಎಲೆಯ ಮುಂದೆ ಕೂತು ಈರಪ್ಪನ ಮುಖ ನೋಡಿದರು.

ಮರುದಿನ ಈರಪ್ಪ ತಾನೇ ಬಂದು ಬಾಗಿಲಲ್ಲಿ ನಿಂತ.

"ಕಾಶವ್ವಾರ, ನಿಮಗ ವಯಸ್ಸಾತು. ಕಿವಿ ಮಂದ ಆಗ್ಯಾವು. ಇನ್ನೊಮ್ಮೆ ಹಿಂಗಾತಂದ್ರ ನಾ ಮಷಿನ್ ರೊಟ್ಟಿ ತರಸ್ತೀನಿ ನೋಡ್ರಿ."

ಅಷ್ಟು ಹೇಳಿ ಹೋದ. ಕಾಶವ್ವನ ರೊಟ್ಟಿಯಲ್ಲಿ ಅರ್ಧ ಹೋಗುತ್ತಿದ್ದದ್ದು ಈರಪ್ಪನ ಖಾನಾವಳಿಗೇ. ಅದು ನಿಂತರೆ ನಾಲ್ಕು ಒಲೆಯಲ್ಲಿ ಎರಡು ಆರಿಸಬೇಕು. ಆ ಎರಡು ಒಲೆಯ ಮುಂದೆ ಕೂತವರಿಗೆ ಏನು ಹೇಳುವುದು? ಅದಕ್ಕಿಂತ ಹೆಚ್ಚಾಗಿ ಆಕೆಯನ್ನು ಕೊರೆದದ್ದು ಕಿವಿಯ ಮಾತು. ಎದುರು ಕೂತವರ ಮಾತು ಆಕೆಗೆ ಸರಿಯಾಗಿಯೇ ಕೇಳುತ್ತಿತ್ತು. ಆದರೂ ಒಮ್ಮೆ ಸಂಶಯ ಹೊಕ್ಕಿತೆಂದರೆ ಮುಗಿಯಿತು. ಅಂದಿನಿಂದ ಯಾರು ಮಾತಾಡಿದರೂ ಅವರ ತುಟಿ ನೋಡತೊಡಗಿದಳು. ಮಕ್ಕಳಿಗೆ ಹೇಳಲು ನಾಚಿಕೆ. ಕಿವಿ ಹೋಯಿತೆಂದರೆ ‘ಸಾಕು ಬಿಡವ್ವ, ಒಲೆ ಆರಿಸು’ ಅಂದುಬಿಟ್ಟರೆ ಎಂಬ ಹೆದರಿಕೆ ಬೇರೆ. ಹಾಗಾಗಿ ಆಕೆ ಹೇಳಿದ್ದು ಇಷ್ಟೇ: "ಯಾಕೋ ಫೋನ್ ಸರಿ ಇಲ್ಲ. ಹೊಸಾದೊಂದು ತಗೋಬೇಕು."

ನಾಗರ ಪಂಚಮಿಗೆಂದು ತವರಿಗೆ ಬಂದ ಇಬ್ಬರು ಹೆಣ್ಣುಮಕ್ಕಳನ್ನು ಕರೆದೊಯ್ಯಲು ಅಳಿಯಂದಿರು ಬಂದಿದ್ದರು. ದೊಡ್ಡ ಅಳಿಯ ಮಹಾಂತೇಶ, ಸಣ್ಣ ಅಳಿಯ ಶಿವಪುತ್ರ. ಷಡ್ಡಕರು ಅಂದ ಮೇಲೆ ನಿಮಗೆ ನಾನು ಬಿಡಿಸಿ ಹೇಳಬೇಕೇ? ಒಬ್ಬ ಹೊಸ ಚಪ್ಪಲಿ ತಂದರೆ ಇನ್ನೊಬ್ಬನ ಅಂಗಾಲು ತುರಿಸುತ್ತದೆ. ಅತ್ತೆಗೆ ಫೋನು ಬೇಕು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಇಬ್ಬರೂ ತಂತಮ್ಮ ಫೋನು ತೆಗೆದು ಚಾಪೆಯ ಮೇಲಿಟ್ಟರು.

"ಅತ್ತಿ, ತಗೊಂಡ್ರ ಇಂಥಾದ ತಗೋಬೇಕ್ರಿ," ಅಂದ ಮಹಾಂತೇಶ. "ನಾಕು ವರ್ಷಾತು, ಒಂದು ದಿನ ನಿಂತಿಲ್ಲ. ಫೋಟೋ ನೋಡ್ರಿ ಹೆಂಗ ಬರ್ತಾವು. ಹಳೇದು ಮಾರಿದ್ರೂ ರೇಟ್ ಸಿಗತೈತಿ."

"ಅಣ್ಣಾರ, ಅದರ ರೊಕ್ಕದಾಗ ನನ್ನ ಫೋನಿನಂಥಾವು ಮೂರು ಬರ್ತಾವು," ಅಂದ ಶಿವಪುತ್ರ. "ಅದರಾಗ ಇದ್ದದ್ದೆಲ್ಲಾ ಇದರಾಗೂ ಐತಿ. ಒಮ್ಮೆ ಚಾರ್ಜ್ ಮಾಡಿದ್ರ ಎರಡು ದಿನ. ನಿಮ್ಮದು ಸಂಜಿ ಆಗೂದ್ರಾಗ ಗ್ವಾಡಿಗೆ ಜೋತು ಬಿದ್ದಿರತೈತಿ. ಡಬ್ಬಿಯಾಗ ಚಾರ್ಜರ್ ಸೈತ ಕೊಡಲಿಲ್ಲ ನಿಮಗ."

"ನಿಂದರಾಗ ಫೋನ್ ತಗದ ಕೂಡಲೇ ಜಾಹೀರಾತು ಬರ್ತಾವಲ್ಲಪಾ. ಸಂತಿ ಹೊಕ್ಕಂಗ ಆಗತೈತಿ."

"ಬಂದ್ರ ಬರಲಿ ಬಿಡ್ರಿ. ನನ್ನ ಬ್ಯಾಟರಿ ಬಿಸಿ ಆಗೂದಿಲ್ಲ."

ಎರಡೂ ಒಳ್ಳೆಯ ಫೋನುಗಳೇ, ಸುಳ್ಳು ಯಾಕೆ ಹೇಳಲಿ. ಒಂದು ದುಬಾರಿ, ಆದರೆ ಬಹಳ ವರ್ಷ ಬಾಳುತ್ತದೆ. ಇನ್ನೊಂದು ಅಗ್ಗ, ಆದರೆ ದಿನದ ಕೆಲಸಕ್ಕೆ ಸಾಕು. ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಆದರೆ ಚಹಾ ಎರಡು ಸಲ ಬಂತು, ತಟ್ಟೆಯಲ್ಲಿದ್ದ ತಂಬಿಟ್ಟು ಖಾಲಿಯಾಯಿತು, ವಾದ ಮಾತ್ರ ಮುಗಿಯಲಿಲ್ಲ. ಕಾಶವ್ವ ಒಮ್ಮೆ ಇವನ ತುಟಿ, ಒಮ್ಮೆ ಅವನ ತುಟಿ ನೋಡುತ್ತ ಸುಮ್ಮನೆ ಕೂತಿದ್ದಳು. ಅಳಿಯಂದಿರಿಗೆ ಎದುರು ಮಾತಾಡುವ ರೂಢಿ ಆಕೆಗಿಲ್ಲ.

ಹುಸೇನಬಿಗೆ ಅಂಥ ಕಟ್ಟುಪಾಡು ಎಲ್ಲಿಂದ ಬರಬೇಕು? ಒಲೆಯ ಮುಂದಿನಿಂದಲೇ ಕೂಗಿದಳು.

"ಅಳಿಯಾರ, ಮಾತು ಸಾಕು ಮಾಡ್ರಿ. ಆ ಫೋನು ನಮ್ಮ ಒಲಿ ಮುಂದ ಬಾಳ್ವೆ ಮಾಡ್ತಾವೋ ಇಲ್ಲೋ ನೋಡೂಣು. ಬರ್ರಿ, ಇಬ್ರೂ ಇಲ್ಲಿ ಕುಂತು ಎರಡೆರಡು ರೊಟ್ಟಿ ಬಡೀರಿ. ಬಡಿಯೂಮುಂದ ಫೋನ್ ಬರತೈತಿ. ಎತ್ತಿ ಮಾತಾಡ್ರಿ. ಯಾರು ಗೆಲ್ತಾರೋ ಅವರ ಫೋನೇ ಕಾಶಕ್ಕಗ."

"ಏ ಹುಸೇನಬಿ, ಅಳಿಯಂದ್ರಿಗೆ ಯಾರರ ರೊಟ್ಟಿ ಬಡಿಯಾಕ ಹಚ್ತಾರೇನ?" ಎಂದು ಕಾಶವ್ವ ಹೌಹಾರಿದಳು. ಆದರೆ ಒಳಗಿದ್ದ ಹೆಣ್ಣುಮಕ್ಕಳಿಬ್ಬರೂ ಸೆರಗು ಬಾಯಿಗಿಟ್ಟು ನಗುತ್ತ ಹೊರಗೆ ಬಂದಾಗಿತ್ತು. ಹೆಂಡತಿಯರ ಮುಂದೆ ಹಿಂದೆ ಸರಿಯುವುದು ಹೇಗೆ? ಇಬ್ಬರೂ ತೋಳು ಮೇಲೇರಿಸಿ ಒಲೆಯ ಮುಂದೆ ಕೂತರು.

ಮಹಾಂತೇಶ ಹಿಟ್ಟಿನ ಉಂಡೆಯನ್ನು ಹಲಗೆಗೆ ಹಾಕಿ ಒಂದೆರಡು ಪೆಟ್ಟು ಹೊಡೆದ. ರೊಟ್ಟಿ ಕರ್ನಾಟಕದ ನಕಾಶೆಯ ಹಾಗೆ ಆಯಿತು. ಅಷ್ಟರಲ್ಲಿ ಹೆಂಡತಿ ಒಳಗಿನ ಕೋಣೆಗೆ ಹೋಗಿ ಫೋನ್ ಹಚ್ಚಿದಳು. ಅವನು ಹಸಿ ಹಿಟ್ಟಿನ ಬೆರಳಿನಿಂದ ಗಾಜನ್ನು ಎಳೆದ. ಫೋನು ಜಪ್ಪಯ್ಯ ಅನ್ನಲಿಲ್ಲ. ಮತ್ತೆ ಎಳೆದ. ಗಾಜಿನ ಮೇಲೆ ಹಿಟ್ಟು ಬಳಿದದ್ದೇ ಬಂತು. ಕೊನೆಗೆ ಮೂಗಿನಿಂದ ಎಳೆಯಲು ಹೋಗಿ ಮೂಗಿಗೂ ಹಿಟ್ಟು ಹತ್ತಿತು. ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ವಾಪಸ್ ಮಾಡೋಣವೆಂದರೆ ಲಾಕ್ ತೆಗೆಯಲು ಹೆಬ್ಬೆಟ್ಟು ನಡೆಯಲಿಲ್ಲ, ಹಿಟ್ಟು ಮೆತ್ತಿದ ಮುಖವೂ ನಡೆಯಲಿಲ್ಲ.

"ಅಯ್ಯ, ಮಾಲಕನ ಗುರುತೇ ಹತ್ತಲಿಲ್ಲಲ್ಲ!" ಎಂದು ಹುಸೇನಬಿ ನಕ್ಕಳು.

ಶಿವಪುತ್ರ ಜಾಣ. ಮೊದಲೇ ಒಂದು ಬೆರಳನ್ನು ಒಣಗಿಸಿ ಇಟ್ಟುಕೊಂಡಿದ್ದ. ಫೋನು ಎತ್ತಿದ, ಹೆಗಲಿಗೆ ಸಿಕ್ಕಿಸಿಕೊಂಡ. ಸಣ್ಣ ಮಗಳು ಒಳಗಿನಿಂದ, "ಎಪ್ಪತ್ತು ಬಿಸಿ ರೊಟ್ಟಿ ಬೇಕ್ರಿ" ಅಂದಳು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಹೊಗೆಯಾಡಿತು. ಅವನು ಅದನ್ನು ಮಗುಚಲು ಬಾಗಿದ. ಉದ್ದದ ನುಣುಪು ಫೋನು ಹೆಗಲಿನಿಂದ ಜಾರಿ ಸೀದಾ ಹಿಟ್ಟಿನ ಬುಟ್ಟಿಗೆ ಬಿತ್ತು.

"ಎಷ್ಟು ಅಂದ್ಲರಿ?" ಎಂದು ಹುಸೇನಬಿ ಕೇಳಿದಳು.

"ಇಪ್ಪತ್ತು?" ಅಂದ ಶಿವಪುತ್ರ.

ಮನೆಯೆಲ್ಲ ನಗು. ಕಾಶವ್ವನೂ ನಕ್ಕಳು, ಎಷ್ಟೋ ದಿನದ ಮೇಲೆ.

ಷಡ್ಡಕರು ಎದ್ದು ಕೈ ತೊಳೆದು, ಮೊದಲು ಮಾಡಿದ ಕೆಲಸ ತಂತಮ್ಮ ಫೋನು ಒರೆಸಿದ್ದು. ಮಹಾಂತೇಶ ಕರವಸ್ತ್ರದ ತುದಿಯಿಂದ ಗಾಜು ಉಜ್ಜಿದ. ಶಿವಪುತ್ರ ಫೋನಿನ ನೆತ್ತಿಯ ಹತ್ತಿರ ಬಾಯಿಟ್ಟು ಉಫ್ ಉಫ್ ಎಂದು ಊದಿದ.

"ಅದನ್ಯಾಕ ಊದ್ತೀರಿ?" ಎಂದು ಕೇಳಿದಳು ಹುಸೇನಬಿ.

"ಇಲ್ಲೊಂದು ಸಣ್ಣ ಸೀಳು ಐತಲ್ರಿ, ಕಿವಿಗೆ ಹಿಡಿಯೂ ಕಡೆ? ಅದರಾಗ ಹಿಟ್ಟು ಕುಂತ್ರ ದನಿ ಬರೂದಿಲ್ಲ. ನೀರಾಗ ಮುಣಗಿದವರು ಮಾತಾಡಿದಂಗ ಕೇಳತೈತಿ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅವನೇ ಊದುವುದನ್ನು ನಿಲ್ಲಿಸಿದ. ಎಲ್ಲರ ಕಣ್ಣು ಒಮ್ಮೆಗೇ ಹಿಟ್ಟಿನ ಡಬ್ಬಿಯ ಕಡೆ ತಿರುಗಿತು. ಅದರ ಮೇಲೆ ಕಾಶವ್ವನ ಹಳೆಯ ಫೋನು ಎಂದಿನಂತೆ ಬೋರಲು ಬಿದ್ದಿತ್ತು.

ಮಹಾಂತೇಶ ಅದನ್ನು ಎತ್ತಿಕೊಂಡ. ಬಂದು ಎರಡು ದಿನವಾಗಿದ್ದರೂ ಅವನು ಅದನ್ನು ಕೈಯಲ್ಲಿ ಹಿಡಿದದ್ದು ಆಗಲೇ. ಕಿವಿಯ ಕಡೆಯ ಸೀಳು ಕಾಣುತ್ತಲೇ ಇರಲಿಲ್ಲ. ಮೂರು ವರ್ಷದ ಜೋಳದ ಹಿಟ್ಟು ಅಲ್ಲಿ ಗಾರೆಯ ಹಾಗೆ ಕೂತಿತ್ತು. ಹೆಂಡತಿ ಒಂದು ಹೊಸ ಹಲ್ಲುಜ್ಜುವ ಬ್ರಷ್ ತಂದುಕೊಟ್ಟಳು. ಅವನು ಬಾಗಿಲ ಬೆಳಕಿಗೆ ಕೂತು, ನೀರು ಸೋಕಿಸದೆ, ಮೆಲ್ಲಗೆ ಉಜ್ಜಿದ. ಪುಡಿಪುಡಿಯಾಗಿ ಹಿಟ್ಟು ಉದುರಿತು. ಫೋನನ್ನು ಅತ್ತೆಯ ಕೈಗೆ ಕೊಟ್ಟು, ಏನು ಹೇಳಬೇಕೆಂದು ಹುಸೇನಬಿಯಿಂದ ತಿಳಿದುಕೊಂಡು, ತನ್ನ ಫೋನು ಹಿಡಿದುಕೊಂಡು ಓಣಿಯ ತುದಿಗೆ ಹೋಗಿ ಅಲ್ಲಿಂದ ಹಚ್ಚಿದ.

ಕಾಶವ್ವ ಹೆದರಿಕೊಂಡೇ ಕಿವಿಗೆ ಇಟ್ಟುಕೊಂಡಳು.

"ಅತ್ತಿ, ಮುನ್ನೂರು ರೊಟ್ಟಿ ಬೇಕ್ರಿ."

ಎದುರಿಗೆ ನೋಡಲು ಯಾರ ತುಟಿಯೂ ಇರಲಿಲ್ಲ. ಆದರೂ ‘ಮು’ ಕೇಳಿಸಿತು. ದುಂಡಗೆ, ಪೂರ್ತಿಯಾಗಿ ಕೇಳಿಸಿತು.

"ಮುನ್ನೂರು," ಅಂದಳು ಕಾಶವ್ವ. ಮತ್ತೊಮ್ಮೆ, "ಮುನ್ನೂರು" ಅಂದಳು. ಕಣ್ಣಲ್ಲಿ ನೀರು ತುಂಬಿತು. "ಹುಸೇನಬಿ, ನನ್ನ ಕಿವಿ ಹೋಗಿಲ್ಲವ್ವಾ. ನನ್ನ ಕಿವಿ ಸರಿ ಅದಾವು!"

ಈರಪ್ಪ ಆಡಿದ ಮಾತು, ಇಷ್ಟು ದಿನ ನುಂಗಿಕೊಂಡ ಹೆದರಿಕೆ, ಎಲ್ಲ ಆಗ ಹೊರಬಂತು. ಹೆಣ್ಣುಮಕ್ಕಳು ಅವ್ವನ ಎರಡು ಮಗ್ಗುಲಿಗೆ ಬಂದು ಕೂತರು. ಓಣಿಯ ತುದಿಯಿಂದ ಬಂದ ಮಹಾಂತೇಶ ಬಾಗಿಲಲ್ಲೇ ನಿಂತ. ಶಿವಪುತ್ರನಿಗೆ ತಡೆಯಲಾಗಲಿಲ್ಲ.

"ಇಷ್ಟೆಲ್ಲಾ ಆಗೈತಿ, ನಮಗ ಒಂದು ಮಾತು ಹೇಳಬಾರದಾಗಿತ್ತೇನ್ರಿ ಅತ್ತಿ?"

ಅಳಿಯಂದಿರಿಗೆ ಎಂದೂ ಎದುರಾಡದ ಕಾಶವ್ವ ಅಂದು ಮೊದಲ ಸಲ ಆಡಿದಳು. ಸಿಟ್ಟಿನಿಂದಲ್ಲ, ಮೆತ್ತಗೆ.

"ಎರಡು ಫೋನಿನ ಜಾತಕ ಪೂರಾ ಹೇಳಿದ್ರಿ ಅಳಿಯಾರ. ‘ಅತ್ತಿ, ನಿಮಗೇನು ತ್ರಾಸು?’ ಅಂತ ಯಾವಾಗ ಕೇಳಿದ್ರಿ?"

ಆ ದಿನ ಯಾವ ಫೋನೂ ಗೆಲ್ಲಲಿಲ್ಲ. ಷಡ್ಡಕರಿಬ್ಬರೂ ಸೇರಿ ಗೋಡೆಗೆ ಒಂದು ಮೊಳೆ ಹೊಡೆದು, ಹಿಟ್ಟು ಹಾರದ ಎತ್ತರದಲ್ಲಿ ಫೋನಿಗೊಂದು ಬಟ್ಟೆಯ ಚೀಲ ತೂಗುಹಾಕಿದರು. ಮೊಳೆ ಎಲ್ಲಿ ಹೊಡೆಯಬೇಕೆಂದು ಅಲ್ಲಿಯೂ ಸ್ವಲ್ಪ ವಾದ ಆಯಿತು ಅನ್ನಿ. ಆದರೆ ಈ ಸಲ ಮೊದಲು, "ಅತ್ತಿ, ನಿಮ್ಮ ಕೈ ಎಲ್ಲಿಗೆ ಎಟಕತೈತ್ರಿ?" ಎಂದು ಕೇಳಿಯೇ ಹೊಡೆದರು.

ಮರುದಿನ ಬೆಳಿಗ್ಗೆ ಈರಪ್ಪನ ಫೋನು ಬಂತು. ಕಾಶವ್ವ ಕೈ ಒರೆಸಿಕೊಂಡು ಎತ್ತಿದಳು. ಅವನು ಮೊದಲೇ ಸಂಶಯದಿಂದ ಗಂಟಲು ಹರಿಯುವಂತೆ ಕಿರುಚುತ್ತಿದ್ದ.

"ಯಾಕ ಇಷ್ಟು ಒದರ್ತೀರಿ ಈರಪ್ಪಾರ?" ಅಂದಳು ಕಾಶವ್ವ. "ಮುನ್ನೂರು ಕಡಕ್, ಎಪ್ಪತ್ತು ಬಿಸಿ. ಹನ್ನೊಂದರ ಬಸ್ಸಿಗೆ ಹಾಕ್ತೀನಿ. ಮೆಲ್ಲಕ ಮಾತಾಡ್ರಿ, ನಂಗ ಕೇಳತೈತಿ."

ನಾಲ್ಕು ಒಲೆಯೂ ಉರಿಯುತ್ತಿದ್ದವು. ಹುಸೇನಬಿ ಆಗಲೇ ಹಿಟ್ಟು ನಾದಲು ಕೂತಿದ್ದಳು.

ನೀತಿ: ಯಾವ ಫೋನು ಮೇಲು, ಯಾವುದು ಕೀಳು ಎಂದು ತೂಗುವ ಮೊದಲು, ಅದನ್ನು ಹಿಡಿಯುವ ಕೈ ಯಾವುದು, ಆ ಕೈಗೆ ಏನು ಕಷ್ಟವಿದೆ ಎಂದು ಕೇಳಿರಿ. ವಸ್ತುವಿನ ಬೆಲೆ ಅಂಗಡಿಯಲ್ಲಿ ಗೊತ್ತಾದೀತು. ಅದರ ಯೋಗ್ಯತೆ ಗೊತ್ತಾಗುವುದು ಬಳಸುವವರ ಪಕ್ಕದಲ್ಲಿ ಕೂತಾಗ ಮಾತ್ರ. ಈ ಕಥೆಯನ್ನೂ ನೀವು ಫೋನಿನಲ್ಲೇ ಓದುತ್ತಿರುವಿರಿ ಎಂದು ನನಗೆ ಗೊತ್ತು. ನಾಲ್ಕು ಜನರಿಗೆ ಕಳಿಸುವುದು ಆಮೇಲೆ ಇರಲಿ. ಮೊದಲು ಎದ್ದುಹೋಗಿ ನಿಮ್ಮ ಮನೆಯ ಹಿರಿಯರ ಫೋನನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ, ಅವರಿಗೇನು ತ್ರಾಸೆಂದು ಕೇಳಿ ಬನ್ನಿ.